ನಾರ್ಸ್‌ಮನ್ ಲಾಟರಿಯಲ್ಲಿ ಹೆಸರು ಬಂತು, ಬಿಸಿಲಿನ ರೇಸ್ ಬಿಟ್ಟು ಬೇರೆ ಗೊತ್ತಿಲ್ಲ, ಸಲಹೆ ಬೇಕು

ನಿಧಾನಿ

ಎಲ್ಲರಿಗೂ ನಮಸ್ಕಾರ. ಮುಂದಿನ ಆಗಸ್ಟ್‌ನಲ್ಲಿ ನಾರ್ವೆಯಲ್ಲಿ ನಡೆಯುವ ನಾರ್ಸ್‌ಮನ್ ಟ್ರಯಥ್ಲಾನ್‌ಗೆ ಲಾಟರಿಯಲ್ಲಿ ನನ್ನ ಹೆಸರು ಬಂದಿದೆ. ಸಾವಿರಾರು ಜನ ಅರ್ಜಿ ಹಾಕುತ್ತಾರೆ, ಈಜು ಶುರುವಾಗುವ ಜಾಗಕ್ಕೆ ಒಯ್ಯುವ ಫೆರಿ ಹತ್ತುವವರು ಸುಮಾರು 250 ಮಂದಿ. ಹೇಗೂ ಸಿಗುವುದಿಲ್ಲ ಅನ್ನುವ ಧೈರ್ಯದಲ್ಲೇ ಅರ್ಜಿ ಹಾಕಿದ್ದೆ. ಈಗ ಖುಷಿಗಿಂತ ಪುಕಪುಕವೇ ಜಾಸ್ತಿ.

ದೂರ ನನಗೆ ಹೊಸದಲ್ಲ. 3.8 ಕಿ.ಮೀ. ಈಜು, 180 ಕಿ.ಮೀ. ಸೈಕಲ್, 42.2 ಕಿ.ಮೀ. ಓಟ, ಇಷ್ಟನ್ನೂ ಐರನ್‌ಮನ್‌ನಲ್ಲಿ ಮುಗಿಸಿದ್ದೇನೆ. ಆದರೆ ಅಲ್ಲಿ ನೀರು ಬೆಚ್ಚಗಿತ್ತು, ರಸ್ತೆ ಚಪ್ಪಟೆ ಇತ್ತು, ಓಡುವಾಗ ಸ್ವಲ್ಪ ಸ್ವಲ್ಪ ದೂರಕ್ಕೆ ಯಾರಾದರೂ ಕೈಗೆ ಲೋಟ ಕೊಡುತ್ತಿದ್ದರು. ಇಲ್ಲಿ ಬೆಳಗಿನ 5 ಗಂಟೆಗೆ ಫ್ಯೋರ್ಡ್‌ನಲ್ಲಿ (ಬೆಟ್ಟಗಳ ನಡುವೆ ಒಳನುಗ್ಗಿದ ಸಮುದ್ರ) ಶುರು, ಬೆಟ್ಟದ ತುದಿಯಲ್ಲಿ ಮುಕ್ತಾಯ. ಮಧ್ಯೆ ಆಯೋಜಕರು ಊಟ, ನೀರು ಇಟ್ಟುಕೊಂಡು ಕಾಯುವುದಿಲ್ಲ. ಸಪೋರ್ಟ್ ಜನರನ್ನು ನಾವೇ ಕರೆದುಕೊಂಡು ಹೋಗಬೇಕು.

ಕೇಳಬೇಕಾದ್ದು ಇಷ್ಟು. ತಣ್ಣೀರಿಗೆ ಹೇಗೆ ತಯಾರಾಗುವುದು? ಟಿಟಿ ಸೈಕಲ್ಲೋ (ಗಾಳಿ ಸೀಳಲು ಬಾಗಿ ಕೂರುವ ಟೈಮ್ ಟ್ರಯಲ್ ಸೈಕಲ್), ಮಾಮೂಲಿ ರೋಡ್ ಸೈಕಲ್ಲೋ? ಮತ್ತೆ ಸಪೋರ್ಟ್‌ಗೆ ಬರುವವನು ನನ್ನ ತಮ್ಮ. ಕಾರು ಚೆನ್ನಾಗಿ ಓಡಿಸುತ್ತಾನೆ. ಆದರೆ ಜನ್ಮದಲ್ಲಿ ಸೈಕಲ್ ಟ್ಯೂಬ್ ಬದಲಿಸಿದವನಲ್ಲ, ಮೆಟ್ಟಿಲು ಕಂಡರೆ ಲಿಫ್ಟ್ ಹುಡುಕುವವನು. ಅವನೊಬ್ಬ ಸಾಕಾ?


ನೀರುಕೋಳಿ

ಮೊದಲು ಶುಭಾಶಯ. ನೀರಿನ ವಿಷಯ ನಾನು ಹೇಳುತ್ತೇನೆ, ಉಳಿದದ್ದು ಬೇರೆಯವರು ಹೇಳಲಿ.

ಐಡ್‌ಫ್ಯೋರ್ಡ್ ಊರಿನಿಂದ ಫೆರಿ 4 ಗಂಟೆಗೆ ಹೊರಡುತ್ತದೆ. ಹಾರ್ಡಾಂಗರ್ ಫ್ಯೋರ್ಡ್‌ನ ನೀರು ಆಗಸ್ಟ್‌ನಲ್ಲಿ ಹೆಚ್ಚುಕಡಿಮೆ 13ರಿಂದ 16 ಡಿಗ್ರಿ. 2015ರಲ್ಲಿ ನೀರು ತೀರಾ ತಣ್ಣಗಿದೆ ಎಂದು ಈಜಿನ ದೂರವನ್ನೇ ಕಡಿಮೆ ಮಾಡಿದ್ದರು. ಫೆರಿಯಿಂದ ನೀರಿಗೆ ಸುಮಾರು 4 ಮೀಟರ್ ಎತ್ತರ. ಹಾರುವುದಕ್ಕೆ ಎಲ್ಲರೂ ಹೆದರುತ್ತಾರೆ, ಆದರೆ ಹಾರುವುದು ಒಂದು ಕ್ಷಣದ ಮಾತು. ಕಷ್ಟ ಇರುವುದು ಅದರ ನಂತರದ ಎರಡು ಮೂರು ನಿಮಿಷದಲ್ಲಿ. ತಣ್ಣೀರು ಚರ್ಮಕ್ಕೆ ತಾಗಿದ ಕೂಡಲೇ ಉಸಿರು ತಾನಾಗಿ ಒಳಕ್ಕೆ ಎಳೆದುಕೊಳ್ಳುತ್ತದೆ, ಎದೆಬಡಿತ ಏರುತ್ತದೆ, ಮುಖ ನೀರಿಗಿಡಲು ಆಗುವುದಿಲ್ಲ. ಒಳ್ಳೆ ಈಜುಗಾರರೂ ಅಲ್ಲೇ ಗಾಬರಿ ಬೀಳುತ್ತಾರೆ.

ಇದಕ್ಕೆ ಅಭ್ಯಾಸ ಇದೆ, ಕಷ್ಟದ್ದೂ ಅಲ್ಲ. ತಣ್ಣೀರಿಗೆ ಕುತ್ತಿಗೆವರೆಗೆ ಇಳಿದು ಎರಡು ಮೂರು ನಿಮಿಷ ಇದ್ದು ಎದ್ದುಬನ್ನಿ. ಇದನ್ನು ಕೆಲವು ಸಲ ಮಾಡಿದರೂ ಆ ಏದುಸಿರು ಎಷ್ಟೋ ತಗ್ಗುತ್ತದೆ, ಆ ಅಭ್ಯಾಸದ ಫಲ ತಿಂಗಳುಗಟ್ಟಲೆ ಉಳಿಯುತ್ತದೆ. ಒಬ್ಬರೇ ಮಾತ್ರ ಮಾಡಬೇಡಿ, ಪಕ್ಕದಲ್ಲಿ ಯಾರಾದರೂ ಇರಲೇಬೇಕು. ಎದೆನೋವು, ಬಿಪಿ ಇರುವವರು ಡಾಕ್ಟರನ್ನು ಕೇಳದೆ ಇಳಿಯಲೇಬಾರದು.

ವೆಟ್‌ಸೂಟ್ (ಮೈ ಬೆಚ್ಚಗಿಡುವ ರಬ್ಬರಿನಂಥ ಈಜುಡುಗೆ) ಅಲ್ಲಿ ಕಡ್ಡಾಯ. ಅದರ ಜೊತೆ ಅದೇ ಬಗೆಯ ನಿಯೋಪ್ರೀನ್ ಟೋಪಿ ತಗೊಳ್ಳಿ. ಉಪ್ಪುನೀರಿನಲ್ಲಿ ಕುತ್ತಿಗೆ ಉಜ್ಜಿ ಗಾಯ ಆಗುತ್ತದೆ, ಅಲ್ಲಿಗೆ ಲೂಬ್ರಿಕೆಂಟ್ ದಪ್ಪಗೆ ಹಚ್ಚಿ. ಫೆರಿಯ ಡೆಕ್‌ನಲ್ಲಿ ಫ್ಯೋರ್ಡ್ ನೀರು ಚಿಮ್ಮುವ ಪೈಪ್ ಇಟ್ಟಿರುತ್ತಾರೆ. ನಾಚಿಕೆ ಬಿಟ್ಟು ಅದರ ಕೆಳಗೆ ನಿಂತುಕೊಳ್ಳಿ, ಸೂಟಿನ ಒಳಗೂ ನೀರು ಬಿಟ್ಟುಕೊಳ್ಳಿ. ಹಾರಿದ ಮೇಲೆ ಈಜು ಶುರುವಾಗುವ ಗೆರೆಯಲ್ಲಿ ನಿಂತ ಕಯಾಕ್ (ಚಿಕ್ಕ ದೋಣಿ) ಸಾಲಿನವರೆಗೆ ನಿಧಾನಕ್ಕೆ ಹೋಗಿ, ಮುಖ ಒದ್ದೆ ಮಾಡಿ, ನೀರೊಳಗೆ ಉದ್ದಕ್ಕೆ ಉಸಿರು ಬಿಡಿ. ಶುರು ಎನ್ನುವ ಫೆರಿಯ ಹಾರ್ನ್ ಕೇಳಿಸುವ ಹೊತ್ತಿಗೆ ಉಸಿರು ನಿಮ್ಮ ಮಾತು ಕೇಳುತ್ತಿರಬೇಕು, ಅಷ್ಟೇ ಗುರಿ.


ಎದುರುಗಾಳಿ

ನೀರುಕೋಳಿ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಚಳಿ ಜಾಸ್ತಿ ಕಾಡುವುದು ನೀರಿನಲ್ಲಲ್ಲ, ಎದ್ದ ಮೇಲೆ. ಕೈಕಾಲಿನ ತಣ್ಣಗಿನ ರಕ್ತ ಒಳಕ್ಕೆ ಹರಿಯತೊಡಗಿದಾಗ ಮೈಯ ಒಳಗಿನ ಬಿಸಿ ಇನ್ನೂ ಇಳಿಯುತ್ತದೆ. ದಡಕ್ಕೆ ಬಂದು ಹತ್ತು ನಿಮಿಷಕ್ಕೆ ನಡುಕ ಶುರುವಾದರೆ ಆಶ್ಚರ್ಯ ಪಡಬೇಡಿ. ಒದ್ದೆ ಟ್ರೈಸೂಟ್‌ನಲ್ಲೇ (ಮೂರಕ್ಕೂ ಹಾಕುವ ಒಂದೇ ಉಡುಪು) ಸೈಕಲ್ ಹತ್ತಿ ನಾಲ್ಕು ನಿಮಿಷ ಉಳಿಸಲು ಹೋಗುವುದು ಅಲ್ಲಿ ನಡೆಯುವುದಿಲ್ಲ. ಒರೆಸಿಕೊಳ್ಳಿ, ಒಣ ಬನಿಯನ್ ಹಾಕಿಕೊಳ್ಳಿ. ಈಜಿನಿಂದ ಸೈಕಲ್‌ಗೆ ಬದಲಾಗುವ ಜಾಗಕ್ಕೆ, ಅಂದರೆ ಟ್ರಾನ್ಸಿಷನ್‌ಗೆ, ಸಪೋರ್ಟ್ ಒಬ್ಬರು ಬರಬಹುದು, ಬೆರಳು ಮರಗಟ್ಟಿರುವಾಗ ಜಿಪ್ ಎಳೆಯುವುದು ಅವರ ಕೆಲಸ.


ಗೇರುಹಲ್ಲು

ಅಕ್ಕ, ಸೈಕಲ್ ವಿಷಯ ನನಗೆ ಬಿಡಿ. ರೋಡ್ ಸೈಕಲ್ ತಗೊಂಡು ಹೋಗಿ, ಹ್ಯಾಂಡಲ್‌ಗೆ ಕ್ಲಿಪ್-ಆನ್ ಏರೋಬಾರ್ (ಬಾಗಿ ಮೊಣಕೈ ಊರಲು ಮುಂದಕ್ಕೆ ಚಾಚಿದ ಹಿಡಿ) ಹಾಕಿ. ಮಾತು ಮುಗೀತು.

ಕಾರಣ ಕೇಳುತ್ತೀರಿ ಅಂದರೆ, ಐಡ್‌ಫ್ಯೋರ್ಡ್ ಇರುವುದು ಸಮುದ್ರ ಮಟ್ಟದಲ್ಲಿ. ಅಲ್ಲಿಂದ ಮೋಬ್ಯೊದಾಲೆನ್ ಕಣಿವೆಯಲ್ಲಿ ಹತ್ತಿ, 40 ಕಿ.ಮೀ. ಆಗುವ ಮೊದಲೇ ಡ್ಯೂರಾನುಟ್ ಎಂಬಲ್ಲಿ 1250 ಮೀಟರ್ ತಲುಪುತ್ತೀರಿ. ನಡುವೆ ಸುರಂಗಗಳಿವೆ, ಸೈಕಲ್‌ಗೆ ಲೈಟ್ ಬೇಕು, ಮೈಮೇಲೆ ಹೊಳೆಯುವ ವೆಸ್ಟ್ ಬೇಕು. ಮೇಲೆ ಹಾರ್ಡಾಂಗರ್‌ವಿಡ್ಡಾ ಪ್ರಸ್ಥಭೂಮಿ. ಮರವೇ ಇಲ್ಲ, ಗಾಳಿಗೆ ಅಡ್ಡ ಏನೂ ಇಲ್ಲ. ಅಲ್ಲಿಂದ ಯೈಲೊ ಊರಿನವರೆಗೆ ಇಳಿಜಾರು. ಟಿಟಿ ಸೈಕಲ್‌ನವರು ಇಲ್ಲಿ ಓಡಿಹೋಗುತ್ತಾರೆ, ನೋಡಿ ಹೊಟ್ಟೆ ಉರಿದುಕೊಳ್ಳಬೇಡಿ. ಯೈಲೊ ದಾಟಿದ ಮೇಲೆ ಒಂದರ ಹಿಂದೆ ಒಂದು ಏರು, ಕೊನೆಗೆ ಇಮಿಂಗ್‌ಫ್ಯೆಲ್. ಅಲ್ಲಿಂದ ಟಿನ್ ಸರೋವರದ ದಡಕ್ಕೆ ಉದ್ದನೆಯ ಇಳಿತ. ದಣಿದ ತೋಳು, ತಣ್ಣನೆ ಬೆರಳು, ಮಳೆ ಬಂದಿದ್ದರೆ ಒದ್ದೆ ರಸ್ತೆ. ಆಗ ಬ್ರೇಕ್ ಹಿಡಿ ಕೈ ಕೆಳಗೇ ಇರಬೇಕು, ಅಲ್ವಾ?

ಮುಂದಿನ ಗೇರು ಚಕ್ರಗಳಲ್ಲಿ 50 ಮತ್ತು 34 ಹಲ್ಲು, ಹಿಂದಿನ ಚಕ್ರಗಳ ಗೊಂಚಲಿನಲ್ಲಿ (ಕ್ಯಾಸೆಟ್) 11ರಿಂದ 34 ಹಲ್ಲು. ಆ ದೊಡ್ಡ ಹಲ್ಲು ಬೇಡ ಅನ್ನುವವರ ಮಾತು ಕೇಳಬೇಡಿ. ಕಾಲು ಸುತ್ತುತ್ತಿರಬೇಕು, ತುಳಿದು ತುಳಿದು ತೊಡೆ ಸುಟ್ಟುಕೊಂಡರೆ ಮುಂದೆ ಮ್ಯಾರಥಾನ್ ಇದೆ.

ವಿಮಾನದಲ್ಲಿ ಸೈಕಲ್ ಹಾಕುವ ಮುಂಚೆ ಹಿಂದಿನ ಡಿರೇಲರ್ (ಗೇರು ಬದಲಿಸುವ ಭಾಗ) ಬಿಚ್ಚಿ ಬಬಲ್ ರ‍್ಯಾಪ್ ಸುತ್ತಿ ಫ್ರೇಮ್ ಒಳಗೆ ಕಟ್ಟಿ. ಅದನ್ನು ಫ್ರೇಮ್‌ಗೆ ಸಿಕ್ಕಿಸುವ ಡಿರೇಲರ್ ಹ್ಯಾಂಗರ್ ಒಂದು ಹೆಚ್ಚಿಗೆ ಇಟ್ಟುಕೊಳ್ಳಿ. ಒಂದೊಂದು ಫ್ರೇಮ್‌ಗೆ ಒಂದೊಂದು ನಮೂನೆ ಬರುತ್ತದೆ, ಹೋದ ಕಡೆ ಸಿಕ್ಕೇ ಸಿಗುತ್ತದೆ ಅನ್ನುವಂತಿಲ್ಲ. ಟೈರ್ ಊದಿಸುವ ಚಿಕ್ಕ ಗ್ಯಾಸ್ ಸಿಲಿಂಡರ್‌ಗೆ ವಿಮಾನದವರ ಮಿತಿ ಕೇಳಿಕೊಳ್ಳಿ, ಇಲ್ಲವಾದರೆ ಅಲ್ಲಿಯೇ ಕೊಳ್ಳಿ.


ಅಡ್ಡಮಾತು

ಇಷ್ಟು ದುಡ್ಡು ಸುರಿದು, ವೀಸಾಗೆ ಓಡಾಡಿ, ಚಳಿಯಲ್ಲಿ ನಡುಗಿ, ಕೊನೆಗೆ ಸಿಗುವುದು ಒಂದು ಟೀ ಶರ್ಟ್. ಸುಮ್ನೆ ಕೇಳಿದೆ, ಬೇಜಾರು ಮಾಡ್ಕೋಬೇಡಿ.


ಎದುರುಗಾಳಿ

ಗೆದ್ದವರಿಗೂ ಅದೇ ಟೀ ಶರ್ಟ್ ಗುರು, ಬಹುಮಾನದ ದುಡ್ಡು ಇಲ್ಲ. 2003ರಲ್ಲಿ ಶುರುವಾದಾಗಿನಿಂದ ಆ ರೇಸ್‌ನ ಮಜಾನೇ ಅದು. ಆದರೆ ಬಣ್ಣದಲ್ಲಿ ವ್ಯತ್ಯಾಸ ಇದೆ. ಓಟದ 32.5 ಕಿ.ಮೀ. ಗುರುತಿಗೆ ಮೊದಲು ಬರುವ 160 ಜನ ಬೆಟ್ಟ ಹತ್ತಬಹುದು, ಅವರಿಗೆ ಕಪ್ಪು. ಉಳಿದವರು ಬೆಟ್ಟದ ಕೆಳಗೇ ಮ್ಯಾರಥಾನ್ ದೂರ ಮುಗಿಸುತ್ತಾರೆ, ಅವರಿಗೆ ಬಿಳಿ. ನನ್ನ ಕೇಳಿದರೆ, ಅಷ್ಟು ದೂರ ಹೋಗುವುದಾದರೆ ಕಪ್ಪಿಗೇ ಹೋಗಬೇಕು. ನಿಧಾನಿ, ನಿಮ್ಮ ತರಬೇತಿ ಪೂರ್ತಿ ಆ 160ರ ಲೆಕ್ಕದಲ್ಲೇ ಇರಲಿ.


ಬಿಳಿಅಂಗಿ

ಹೆಸರು ನೋಡಿದರೇ ಗೊತ್ತಾಗುತ್ತದೆ ನಾನು ಯಾವ ಕಡೆ ಅಂತ.

ಎದುರುಗಾಳಿ ಅವರೇ, ನಿಮ್ಮ ಮಾತು ಅರ್ಧ ಸರಿ. 160ರ ಲೆಕ್ಕ ನಮ್ಮ ಕೈಯಲ್ಲಿ ಇರುವುದಿಲ್ಲ. ಆ ವರ್ಷ ಬಂದವರು ಎಷ್ಟು ಗಟ್ಟಿ ಅನ್ನುವುದರ ಮೇಲೆ ನಿಂತಿರುತ್ತದೆ. ಸೈಕಲ್ ಮುಗಿದು ಓಟ ಶುರುವಾಗುವ ಔಸ್ಟ್‌ಬ್ಯೂಗ್ಡೆಯಲ್ಲಿ ನಾನು ಸೈಕಲ್ ಬಿಟ್ಟಾಗ ಎಣಿಕೆಯಲ್ಲಿ ಹಿಂದೆಯೇ ಇದ್ದೆ. ಆಗ ಎರಡು ದಾರಿ ಇರುತ್ತದೆ. ಮುಂದಿನವರನ್ನು ಹಿಡಿಯಲು ಸರೋವರದ ಪಕ್ಕದ 25 ಕಿ.ಮೀ. ಶಕ್ತಿ ಮೀರಿ ಓಡುವುದು, ಇಲ್ಲವೇ ನಮ್ಮ ಲಯದಲ್ಲಿ ಹೋಗುವುದು. ಮೊದಲನೆಯದು ಮಾಡಿದವರನ್ನು ಆಮೇಲೆ ಜಾಂಬಿ ಹಿಲ್‌ನಲ್ಲಿ ರಸ್ತೆ ಬದಿ ಕೂತಿರುವುದನ್ನು ಕಂಡೆ. ಆ ಏರಿಗೆ ಹೆಸರು ಸುಮ್ಮನೆ ಬಂದಿಲ್ಲ. 7 ಕಿ.ಮೀ. ಚಿಲ್ಲರೆ ಹಿಮ್ಮುರಿ ತಿರುವುಗಳು, ಸುಮಾರು ಹತ್ತು ಮೀಟರ್‌ಗೆ ಒಂದು ಮೀಟರ್ ಏರು. ಅಲ್ಲಿ ಓಡುವವರು ಬೆರಳೆಣಿಕೆಯಷ್ಟು ಜನ, ಮಿಕ್ಕವರೆಲ್ಲ ನಡಿಗೆ. ಹಾಗಾಗಿ ತರಬೇತಿಯಲ್ಲಿ ಕಡಿದಾದ ಏರಿನಲ್ಲಿ ಬಿರುಸಾಗಿ ನಡೆಯುವುದನ್ನು ಕಲಿಯಿರಿ. ಓಟಗಾರರು ನಡಿಗೆಯನ್ನು ಅಭ್ಯಾಸ ಅಂತಲೇ ಎಣಿಸುವುದಿಲ್ಲ, ಅಲ್ಲೇ ಹತ್ತಾರು ಸ್ಥಾನ ಕಳೆದುಕೊಳ್ಳುತ್ತಾರೆ.

ಇನ್ನೊಂದು. ಬೆಟ್ಟದ ಮೇಲೆ ಹವಾಮಾನ ಕೆಟ್ಟರೆ ಮೇಲಕ್ಕೆ ಬಿಡದೇ ಇರಬಹುದು. ಒಂದೇ ಬಣ್ಣ ತಲೆಯಲ್ಲಿಟ್ಟುಕೊಂಡು ಹೋದವರಿಗೆ ಆ ದಿನ ಪೂರ್ತಿ ಹಾಳು. ಸ್ಕಾಟ್ಲೆಂಡಿನ ಇಂಥದೇ ರೇಸ್ ಸೆಲ್ಟ್‌ಮನ್‌ನಲ್ಲೂ ಇದೇ ಪದ್ಧತಿ, ಅಲ್ಲಿ ಬೆಟ್ಟ ಹತ್ತಿದವರಿಗೆ ನೀಲಿ, ಇಲ್ಲದವರಿಗೆ ಬಿಳಿ.

ಅಂದಹಾಗೆ ಆ ಟಿನ್ ಸರೋವರದ ಪಕ್ಕ ಓಡುವಾಗ ಬೇಜಾರಾದರೆ ನೀರಿನ ಕಡೆ ನೋಡಿ. ಯುರೋಪಿನ ತುಂಬಾ ಆಳದ ಸರೋವರಗಳಲ್ಲಿ ಒಂದು, ಸುಮಾರು 460 ಮೀಟರ್. 1944ರ ಫೆಬ್ರವರಿಯಲ್ಲಿ ಜರ್ಮನಿಗೆ ಭಾರಜಲ (ಅಣು ಸಂಶೋಧನೆಗೆ ಬೇಕಾದ ವಿಶೇಷ ನೀರು) ಸಾಗಿಸುತ್ತಿದ್ದ ಫೆರಿಯನ್ನು ನಾರ್ವೆಯ ಗುಪ್ತ ಹೋರಾಟಗಾರರು ಮುಳುಗಿಸಿದ್ದು ಇದೇ ಸರೋವರದಲ್ಲಿ. ನನಗೆ ಓಟದ ಆ ಭಾಗ ಕಳೆದದ್ದೇ ಅದನ್ನು ನೆನೆದುಕೊಂಡು.


ಹಿಂದಿನಸೀಟು

ನಾನು ಓಡಿದವನಲ್ಲ, ಹೆಂಡತಿಗೆ ಸಪೋರ್ಟ್ ಮಾಡಿದವನು. ಇಲ್ಲಿ ಎಲ್ಲರೂ ನೀರು, ಗೇರು, ಅಂಗಿ ಅಂತ ಮಾತಾಡುತ್ತಿದ್ದಾರೆ. ನಿಧಾನಿ ಅವರ ಮೂರನೇ ಪ್ರಶ್ನೆಗೆ ಯಾರೂ ಕೈ ಹಾಕಿಲ್ಲ. ನನ್ನ ಲೆಕ್ಕದಲ್ಲಿ ಅದೇ ಮೊದಲನೇ ಪ್ರಶ್ನೆ.

ಆ ರೇಸ್ ಇಬ್ಬರದು. ನಿಮ್ಮ ತಮ್ಮನ ದಿನ ಶುರುವಾಗುವುದು ರಾತ್ರಿ 2 ಗಂಟೆಗೆ, ಮುಗಿಯುವುದು ಮತ್ತೆ ರಾತ್ರಿ. ಗೊತ್ತಿಲ್ಲದ ದೇಶದಲ್ಲಿ, ಇಕ್ಕಟ್ಟು ರಸ್ತೆಯಲ್ಲಿ, ರಸ್ತೆ ತುಂಬ ಸೈಕಲ್‌ಗಳ ನಡುವೆ ಕಾರು ಓಡಿಸಬೇಕು. ಎಲ್ಲಿ ಬೇಕೋ ಅಲ್ಲಿ ನಿಲ್ಲಿಸುವಂತಿಲ್ಲ. ಮೊದಲ ಏರಿನಲ್ಲಿ ಸಪೋರ್ಟ್ ಎಲ್ಲಿ ಕೊಡಬಹುದು, ಎಲ್ಲಿ ಕೊಡಬಾರದು ಅನ್ನುವುದು ಆ ವರ್ಷದ ರೇಸ್ ಮ್ಯಾನುವಲ್‌ನಲ್ಲಿ ಇರುತ್ತದೆ. ಅದನ್ನು ನೀವು ಓದಿ ಅವನಿಗೆ ಹೇಳುವುದಲ್ಲ, ಅವನೇ ಓದಬೇಕು. ಸಪೋರ್ಟ್ ಮಾಡಿದ ತಪ್ಪಿಗೆ ದಂಡ ಬೀಳುವುದು ನಿಮಗೆ.

ಕಾರಿನ ಡಿಕ್ಕಿಯನ್ನು ನಾವು ಹೀಗೆ ಇಟ್ಟಿದ್ದೆವು. ಎಡಕ್ಕೆ ಬಟ್ಟೆ, ತಣ್ಣಗಿನಿಂದ ತೀರಾ ಚಳಿಯವರೆಗೆ ಸಾಲಾಗಿ. ಬಲಕ್ಕೆ ತಿಂಡಿ. ಮಧ್ಯೆ ಪಂಪ್, ಟ್ಯೂಬ್. ಬಿಸಿನೀರಿನ ಫ್ಲಾಸ್ಕ್ ಮುಂದಿನ ಸೀಟಿನಲ್ಲಿ. ಡ್ಯೂರಾನುಟ್‌ನಲ್ಲಿ ಅವಳು ಬಂದು ನಿಂತಾಗ ಮಂಜು ಹೊಡೆಯುತ್ತಿತ್ತು. ಸಕ್ಕರೆಯ ಎನರ್ಜಿ ಜೆಲ್ ಪ್ಯಾಕೆಟ್ ಹಿಡಿದ ಬೆರಳು ಮಡಚುತ್ತಿರಲಿಲ್ಲ, ಹಲ್ಲಿನಲ್ಲಿ ಕಚ್ಚಿ ಎಳೆಯಲು ದವಡೆ ನಡುಗುತ್ತಿತ್ತು. ನಾನು ಹರಿದು ಬಾಯಿಗೆ ಹಿಂಡಿದೆ. ಆಮೇಲೆ ಒಣ ಗ್ಲೌಸ್ ಹಾಕಿಸಲು ಒಂದೊಂದೇ ಬೆರಳನ್ನು ತೂರಿಸಬೇಕಾಯಿತು, ಚಿಕ್ಕ ಮಗುವಿಗೆ ಹಾಕಿದ ಹಾಗೆ. ಆ ಎರಡು ನಿಮಿಷ ಅಲ್ಲಿ ಕಳೆಯದಿದ್ದರೆ ಯೈಲೊ ಇಳಿಜಾರಿನಲ್ಲಿ ಬ್ರೇಕ್ ಹಿಡಿಯಲು ಆಗುತ್ತಿರಲಿಲ್ಲ.

ನಿಮ್ಮ ತಮ್ಮನಿಗೆ ಒಂದು ಕಲಿಸಿ. 'ಹೇಗಿದ್ದೀಯ' ಅಂತ ಕೇಳಬಾರದು. ಉತ್ತರ ಯಾವಾಗಲೂ 'ಚೆನ್ನಾಗಿದ್ದೀನಿ' ಅಂತಲೇ ಬರುತ್ತದೆ. 'ಕಳೆದ ಒಂದು ಗಂಟೆಯಲ್ಲಿ ಏನು ತಿಂದೆ, ಯಾವಾಗ ಉಚ್ಚೆ ಹೊಯ್ದೆ' ಅಂತ ಕೇಳಬೇಕು. ಉತ್ತರ ಬರಲು ತಡವಾದರೆ, ಮಾತು ತೊದಲಿದರೆ, ಸೈಕಲ್ ಸ್ಟ್ಯಾಂಡಿನ ಹಾಗೆ ನಿಂತೇ ಇದ್ದರೆ, ಕಾರೊಳಗೆ ಕೂರಿಸಿ ಬಿಸಿ ಮಾಡಬೇಕು. ಅಕ್ಕ ಬೇಡ ಅಂದರೂ ಕೂರಿಸುವ ಗಟ್ಟಿತನ ಅವನಿಗೆ ಇರಬೇಕು. ಟ್ಯೂಬ್ ಬದಲಿಸಲು ಬರದಿದ್ದರೆ ನಡೆಯುತ್ತದೆ, ಇದು ಬರದಿದ್ದರೆ ನಡೆಯುವುದಿಲ್ಲ.

ಇನ್ನು ನಿಮ್ಮ ತೊಂದರೆಯ ಭಾಗ. ಓಟದ 37.5 ಕಿ.ಮೀ.ನಲ್ಲಿ ಸ್ಟಾವ್ಸ್‌ರೋ ಎಂಬ ಜಾಗ. ಅಲ್ಲಿಂದ ಮೇಲೆ ಒಬ್ಬರೇ ಹೋಗುವಂತಿಲ್ಲ, ಸಪೋರ್ಟ್ ಜೊತೆಗೆ ಹತ್ತಬೇಕು. ಇಬ್ಬರ ಬೆನ್ನಿಗೂ ಬ್ಯಾಗ್, ಅದರಲ್ಲಿ ಬೆಚ್ಚನೆ ಬಟ್ಟೆ, ಹೆಡ್‌ಲ್ಯಾಂಪ್, ತಿಂಡಿ, ನೀರು, ಫೋನ್. ಅಲ್ಲಿ ಪರೀಕ್ಷೆ ಮಾಡಿಯೇ ಬಿಡುತ್ತಾರೆ. ಉಳಿದ 4.7 ಕಿ.ಮೀ. ರಸ್ತೆಯಲ್ಲ, ಕಲ್ಲುಬಂಡೆಗಳ ಮೇಲೆ ಕಾಲಿಟ್ಟು ಕಾಲಿಟ್ಟು 1850 ಮೀಟರ್‌ವರೆಗೆ. ಲಿಫ್ಟ್ ಹುಡುಕುವ ತಮ್ಮನಿಗೆ ಇದನ್ನು ಈಗಲೇ ಹೇಳಿ.


ನಿಧಾನಿ

ಹಿಂದಿನಸೀಟು ಸರ್, ನಿಮ್ಮದನ್ನು ತಮ್ಮನಿಗೆ ಓದಿ ಹೇಳಿದೆ. ಅವನು ಸುಮಾರು ಹೊತ್ತು ಸುಮ್ಮನಿದ್ದು, 'ನಾನೂ ಹತ್ತಬೇಕು ಅಂತ ಮೊದಲೇ ಯಾಕೆ ಹೇಳಲಿಲ್ಲ' ಅಂದ. ಆಮೇಲೆ ಉಚ್ಚೆ ಪ್ರಶ್ನೆ ಮಾತ್ರ ತಾನು ಕೇಳುವುದಿಲ್ಲ ಅಂದ.

ಎದುರುಗಾಳಿ ಸರ್, ಕಪ್ಪಿನ ಆಸೆ ಇಲ್ಲ ಅಂದರೆ ಸುಳ್ಳು. ಆದರೆ ನನ್ನ ಸೈಕಲ್ ವೇಗ ನನಗೆ ಗೊತ್ತು. ಕಟ್‌ಆಫ್ ಒಳಗೆ ದಿನ ಮುಗಿಸುವುದು ಮೊದಲು.

ಇನ್ನೊಂದು ಅನುಮಾನ. ನನಗೆ ಗಂಟೆಗೆ 80 ಗ್ರಾಂ ಕಾರ್ಬ್ ಜೀರ್ಣವಾಗುತ್ತದೆ, ಆದರೆ ಎಲ್ಲಾ ಜೆಲ್‌ನಿಂದ. ಚಳಿಯಲ್ಲೂ ಅದೇ ನಡೆಯುತ್ತದಾ?


ನೀರುಕೋಳಿ

ನಡೆಯಬಹುದು, ಆದರೆ ಬರೀ ಜೆಲ್ ನಂಬಬೇಡಿ. ಚಳಿಯಲ್ಲಿ ಅದು ಅಂಟಿನ ಹಾಗೆ ಗಟ್ಟಿಯಾಗುತ್ತದೆ, ಬಾಯಾರಿಕೆ ಗೊತ್ತಾಗದೆ ನೀರು ಕುಡಿಯುವುದೂ ಕಡಿಮೆಯಾಗುತ್ತದೆ. ಆಗ ಹೊಟ್ಟೆಯಲ್ಲಿ ಸಕ್ಕರೆ ಹಾಗೇ ಕೂತು ವಾಂತಿ ಬರುತ್ತದೆ. 60 ಗ್ರಾಂ ದಾಟಿದರೆ ಗ್ಲೂಕೋಸ್ ಒಂದರಿಂದಲೇ ಆಗುವುದಿಲ್ಲ, ಕರುಳು ಅದನ್ನು ಹೀರಲು ಒಂದು ಮಿತಿ ಇದೆ. ಫ್ರಕ್ಟೋಸ್ ಸೇರಿರುವುದೇ ಇರಲಿ, ಅದು ಬೇರೆ ದಾರಿಯಲ್ಲಿ ಹೋಗುತ್ತದೆ. ಏರಿನಲ್ಲಿ ಗಟ್ಟಿ ತಿಂಡಿ, ಬಿಸಿ ಸೂಪ್. ಕಾರು ಜೊತೆಗಿರುವುದರ ದೊಡ್ಡ ಲಾಭವೇ ಬಿಸಿಯಾದ ಏನಾದರೂ ಸಿಗುವುದು.


ಎದುರುಗಾಳಿ

ನಿಧಾನಿ, ನಿಮ್ಮ ಮಾತು ಒಪ್ಪಿದೆ. ಬಿಳಿಅಂಗಿ ಹೇಳಿದ 25 ಕಿ.ಮೀ. ವಿಷಯವನ್ನೂ ಒಪ್ಪುತ್ತೇನೆ. ಆದರೂ ನೀವು ಎಷ್ಟನೆಯವರು ಅನ್ನುವುದು ನಿಮ್ಮ ತಮ್ಮನಿಗೆ ಗೊತ್ತಿರಲಿ. 155 ಆಸುಪಾಸು ಇದ್ದೀರಿ ಅಂದರೆ ಜಾಂಬಿ ಹಿಲ್‌ನಲ್ಲಿ ಒಂದು ನಿಮಿಷಕ್ಕೂ ಬೆಲೆ ಇದೆ.


ಹಿಂದಿನಸೀಟು

ಗೊತ್ತಿರಲಿ, ಆದರೆ ಕೇಳದೆ ಹೇಳುವುದು ಬೇಡ. 25ನೇ ಕಿ.ಮೀ. ನಂತರ ಮಾತ್ರ ಹೇಳಲಿ. ನಮ್ಮ ಮನೆಯಲ್ಲಿ ಅದೇ ಒಪ್ಪಂದ ಆಗಿತ್ತು.


ಬಿಳಿಅಂಗಿ

ಇನ್ನೊಬ್ಬರನ್ನು ಕರೆದುಕೊಂಡು ಹೋಗಲು ಆಗುತ್ತದಾ ನೋಡಿ. ಒಬ್ಬರು ಕಾರು, ಇನ್ನೊಬ್ಬರು ಬೆಟ್ಟ. ಇಡೀ ದಿನ ಡ್ರೈವ್ ಮಾಡಿದವರನ್ನು ಕತ್ತಲಲ್ಲಿ ಬಂಡೆ ಹತ್ತಿಸುವುದು, ಮತ್ತೆ ಅವರೇ ರಾತ್ರಿ ಕಾರು ಓಡಿಸುವುದು, ಇದು ನನಗೆ ನಿಜವಾಗಿಯೂ ಹೆದರಿಕೆ ಹುಟ್ಟಿಸುವ ಭಾಗ. ಬೆಟ್ಟದ ಕೆಳಗಿನ ರ್ಯುಕಾನ್ ಊರಿನಲ್ಲೋ ಗೌಸ್ತಾಬ್ಲಿಕ್ ಹತ್ತಿರವೋ ಆ ರಾತ್ರಿಗೆ ರೂಮ್ ಮಾಡಿ, ಲಾಟರಿ ಬಂದ ತಕ್ಷಣವೇ. ತಡವಾದರೆ ಸಿಗುವುದಿಲ್ಲ. ಮರುದಿನ ಸಮಯ ಇದ್ದರೆ ರ್ಯುಕಾನ್‌ನ ಚೌಕದಲ್ಲಿ ನಿಂತು ಬೆಟ್ಟದ ಮೇಲಿನ ಕನ್ನಡಿಗಳನ್ನು ನೋಡಿ. ಚಳಿಗಾಲದಲ್ಲಿ ಊರಿಗೆ ಬಿಸಿಲೇ ಬೀಳುವುದಿಲ್ಲ ಎಂದು 2013ರಲ್ಲಿ ಕನ್ನಡಿ ಹಾಕಿ ಚೌಕಕ್ಕೆ ಬೆಳಕು ತಿರುಗಿಸಿದ್ದಾರೆ.


ನಿಧಾನಿ

ತಮ್ಮನ ಸ್ನೇಹಿತೆ ಒಬ್ಬಳು ಚಾರಣ ಮಾಡುವವಳು, ಬರುತ್ತೇನೆ ಅಂದಿದ್ದಾಳೆ. ಹಾಗಾದರೆ ಬೆಟ್ಟ ಅವಳದು, ಕಾರು ತಮ್ಮನದು. ಅವನ ಖುಷಿ ನೋಡಬೇಕಿತ್ತು. ಒಂದು ಕೊನೆ ಪ್ರಶ್ನೆ, ಮೇಲೆ ಮುಗಿಸಿದ ಮೇಲೆ ಇಳಿಯುವುದು ಹೇಗೆ? ಆ ಕಾಲಿನಲ್ಲಿ ಮತ್ತೆ ಬಂಡೆ ಇಳಿಯಬೇಕಾ?


ಹಿಂದಿನಸೀಟು

ನೀವು ಹತ್ತುವ ಗೌಸ್ತಾಟೊಪ್ಪೆನ್ ಬೆಟ್ಟದ ಹೊಟ್ಟೆಯೊಳಗೇ ಒಂದು ರೈಲು ಇದೆ, 1950ರ ದಶಕದಲ್ಲಿ ಮಿಲಿಟರಿ ಕೆಲಸಕ್ಕೆ ಕೊರೆದದ್ದು. ಅದರಲ್ಲಿ ಇಳಿಯಬಹುದು. ಆದರೆ ಚಿಕ್ಕ ಡಬ್ಬಿ, ಕ್ಯೂ ಇರುತ್ತದೆ. ಕಾಯುವಾಗಲೇ ಚಳಿ ಹಿಡಿಯುವುದು. ಆದ್ದರಿಂದ ಬ್ಯಾಗಿನಲ್ಲಿ ಒಂದು ಜೊತೆ ಪೂರ್ತಿ ಒಣ ಬಟ್ಟೆ ಯಾರೂ ಮುಟ್ಟದೆ ಉಳಿಸಿ, ಕಾಲುಚೀಲ ಸಮೇತ. ಮತ್ತೆ ತಮ್ಮ ಕೆಳಗೆ ಎಲ್ಲಿ ಕಾರು ನಿಲ್ಲಿಸಿ ಕಾಯುತ್ತಾನೆ ಅನ್ನುವುದನ್ನು ಸ್ಟಾವ್ಸ್‌ರೋದಲ್ಲಿ ಬೇರೆಯಾಗುವ ಮುಂಚೆಯೇ ಗೊತ್ತುಮಾಡಿಕೊಳ್ಳಿ. ಅಷ್ಟು ಹೊತ್ತಿಗೆ ಯಾರ ಫೋನಿನಲ್ಲೂ ಚಾರ್ಜ್ ಇರುವುದಿಲ್ಲ.